ಮೂರು ಬಸ್ಸಿನ ಆವರೇಜು

ನಮ್ಮ ಶಾಲೆಯ ಶೆಡ್ಡಿನಲ್ಲಿ ಹಗಲು ನಿಲ್ಲುತ್ತಿದ್ದ ಮೂರು ಬಸ್ಸು ನೋಡಿದವರಿಗೆ ಒಂದೇ ಥರ ಕಾಣುತ್ತಿದ್ದವು. ಹಳದಿ ಬಣ್ಣ, ಕಿಟಕಿಗೆ ಕಂಬಿ, ಹಿಂದೆ ಶಾಲೆಯ ಹೆಸರು. ನನಗೆ ಮಾತ್ರ ಅವು ಮೂರು ಬೇರೆ ಬೇರೆ ಸ್ವಭಾವದವು. ಹಳೆಯದು ಹೊಗೆಯನ್ನು ಇದ್ದಂತೆ ಹೊರಗೆ ಬಿಡುತ್ತಿತ್ತು, ಅದಕ್ಕೆ ಮುಚ್ಚುಮರೆ ಗೊತ್ತಿರಲಿಲ್ಲ. ಎರಡನೆಯದು ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿಸಿ ಮತ್ತೆ ಎಂಜಿನ್ನಿಗೇ ಉಣಿಸುತ್ತದೆ, ಹಾಗಾಗಿ ಹೊಟ್ಟೆ ಸರಿಯಿಲ್ಲದವರ ಹಾಗೆ ಸದಾ ಗೊಣಗುತ್ತಿರುತ್ತದೆ. ಮೂರನೆಯದು ಹೊಸದು. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿದಿಟ್ಟುಕೊಳ್ಳುವ ಫಿಲ್ಟರು, ಪಕ್ಕದಲ್ಲಿ ಯೂರಿಯಾ ನೀರಿಗೆಂದು ಇನ್ನೊಂದು ಚಿಕ್ಕ ಟ್ಯಾಂಕು. ಹೊಗೆಯೇ ಕಾಣದ ಬಸ್ಸು ಓಡಿಸುವುದು ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಸ್ಟಾರ್ಟ್ ಆಗಿದೆಯೋ ಇಲ್ಲವೋ ಅಂತ ಕೆಳಗಿಳಿದು ನೋಡಿದ್ದೂ ಉಂಟು.

ನನ್ನೂರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ. ಬೆಳಿಗ್ಗೆ ಮೊದಲು ಹತ್ತುವ ಮಗು ನಮ್ಮೂರಿನದೇ ಆದ್ದರಿಂದ ನಾನು ಓಡಿಸುತ್ತಿದ್ದ ಹಳೆ ಬಸ್ಸು ರಾತ್ರಿ ನನ್ನ ಮನೆ ಮುಂದೆಯೇ ನಿಲ್ಲುತ್ತಿತ್ತು. ಇದಕ್ಕೆ ನಾವು ಹಾಲ್ಟ್ ಅನ್ನುತ್ತೇವೆ. ಮನೆ ಮುಂದೆ ಬಸ್ಸು ನಿಂತರೆ ಮನೆಗೊಂದು ಲಕ್ಷಣ. ಊರಿನವರು ಗುರುತು ಹೇಳುವಾಗ ಬಸ್ಸಿನ ಮನೆ ಅನ್ನುತ್ತಿದ್ದರು. ಸಂಜೆ ಅಕ್ಕಪಕ್ಕದವರು ಅದರ ನೆರಳಿಗೆ ಬಂದು ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದರು. ಆಗ ನನ್ನ ಹೆಂಡತಿಯೂ ಇದ್ದಳು.

ಇದ್ದಳು ಅಂದರೆ ಈಗಲೂ ಚೆನ್ನಾಗಿಯೇ ಇದ್ದಾಳೆ, ಆದರೆ ಹೊಸೂರಿನಲ್ಲಿದ್ದಾಳೆ. ಮಗಳ ಬಾಣಂತನಕ್ಕೆಂದು ಹೋದವಳು. ಬಾಣಂತನ ಮುಗಿಯಿತು, ಮಗು ಕೂತಿತು, ನಿಂತಿತು, ನಡೆಯಿತು. ಮಗಳು ಫ್ಯಾಕ್ಟರಿ ಕೆಲಸಕ್ಕೆ ವಾಪಸ್ಸು ಹೋದಳು. ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ. ಹೀಗೆ ಇವಳು ಅಲ್ಲೇ ಉಳಿದಳು, ನಾನು ಇಲ್ಲಿ. ಜಗಳ ಏನೂ ಇಲ್ಲ. ಸಂಜೆ ಹೊತ್ತು ಫೋನು ಮಾಡುತ್ತಾಳೆ, ಏನು ಸಾರು ಅಂತ ಕೇಳುತ್ತಾಳೆ, ನಾನು ಬೆಳಗಿನದ್ದೇ ಅನ್ನುತ್ತೇನೆ.

ಅಳಿಯ ಒಳ್ಳೆಯವನು. ತನ್ನ ಫ್ಯಾಕ್ಟರಿಯ ವ್ಯಾನಿಗೆ ಡ್ರೈವರು ಬೇಕಂತೆ, ಮಾವ ಬಂದುಬಿಡಲಿ ಅಂತ ಎರಡು ಮೂರು ಸಲ ಹೇಳಿಸಿದ. ಬಸ್ಸು ಯಾರು ನೋಡಿಕೊಳ್ಳುತ್ತಾರೆ ಅಂತ ನಾನು ಜಾರಿಕೊಳ್ಳುತ್ತಿದ್ದೆ. ಹೊಲವನ್ನು ತಮ್ಮ ನೋಡಿಕೊಳ್ಳುತ್ತಾನೆ, ಹಸು ಮಾರಿ ಆಗಿತ್ತು. ನನ್ನನ್ನು ಊರಿನಲ್ಲಿ ಹಿಡಿದಿಟ್ಟಿದ್ದುದು ಬಸ್ಸೊಂದೇ.

ಹೀಗಿರುವಾಗ ಹಳೆ ಬಸ್ಸಿನ ಆಯಸ್ಸು ಮುಗಿಯಿತು. ಇನ್ನು ಅದಕ್ಕೆ ಪರ್ಮಿಟ್ ಸಿಗುವುದಿಲ್ಲ, ಗುಜರಿಗೆ ಕೊಡುತ್ತೇವೆ ಅಂದರು. ಶಾಲೆಯ ಬಸ್ಸುಗಳ ಉಸ್ತುವಾರಿ ನೋಡುವ ಮೇಡಂ ನನ್ನನ್ನು ಕರೆದು ವಿಷಯ ಬಿಡಿಸಿ ಹೇಳಿದರು. ಹೊಸ ಬಸ್ಸು ನನ್ನ ದಾರಿಯಲ್ಲಿ ಹಳೆಯದರಷ್ಟು ಆವರೇಜು, ಅಂದರೆ ಲೀಟರಿಗೆ ಅಷ್ಟೇ ಕಿಲೋಮೀಟರು, ಕೊಟ್ಟರೆ ಅದನ್ನೇ ನನಗೆ ಕೊಡುತ್ತಾರೆ, ಹಾಲ್ಟು ಹಾಗೇ ಮುಂದುವರಿಯುತ್ತದೆ. ಕೊಡದಿದ್ದರೆ ಹೊಸದು ಹೆದ್ದಾರಿ ಕಡೆಯ ಅಪಾರ್ಟ್‌ಮೆಂಟುಗಳಿಗೆ. ನಮ್ಮ ಕಡೆಯ ಹಳ್ಳಿಗಳಿಗೆ ಎರಡನೆಯದು, ಅದೂ ಶಾಲೆಯ ಶೆಡ್ಡಿನಿಂದಲೇ ಹೊರಟು ಶೆಡ್ಡಿಗೇ ಬರುವುದು. ಹಳೆಯದು ಹೋಗುವ ಮುಂಚೆ ಮೂರನ್ನೂ ಒಂದೊಂದು ವಾರ ಅದೇ ದಾರಿಯಲ್ಲಿ ಓಡಿಸಿ ನೋಡೋಣ, ಡ್ರೈವರ್ ಬದಲಾದರೆ ಲೆಕ್ಕ ತಪ್ಪುತ್ತದೆ, ನೀವೇ ಓಡಿಸಿ ಅಂದರು.

ಆ ಸಂಜೆ ಹೆಂಡತಿಗೆ ಹೇಳಿದೆ. ಅವಳು, "ಬಸ್ಸು ಶೆಡ್ಡಿಗೆ ಹೋದ್ರೆ ನೀವು ಇಲ್ಲಿಗೆ ಬಂದ್ಬಿಡ್ತೀರಾ?" ಅಂದಳು.

"ಹೋದ್ರೆ ಬರ್ತೀನಿ. ಆಮೇಲೆ ನಂಗಿಲ್ಲಿ ಏನೈತೆ ಕೆಲ್ಸ?" ಅಂದೆ.

ಬಸ್ಸು ಹೋಗುವುದಿಲ್ಲ ಅನ್ನುವ ಧೈರ್ಯದಲ್ಲಿ ಹೇಳಿದ ಮಾತು ಅದು. ಡೀಸೆಲ್ ಉಳಿಸುವುದರಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮಗು ಹತ್ತುವುದು ತಡವಾದರೆ ಎಂಜಿನ್ ಆಫ್. ರೈಲ್ವೆ ಗೇಟು ಬಿದ್ದರೆ ಆಫ್. ನಲ್ಲೂರಿನ ಹುಣಸೆ ತೋಪಿನ ಹತ್ತಿರ ಇಬ್ಬರು ಮಕ್ಕಳು ಯಾವಾಗಲೂ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ಓಡಿ ಬರುತ್ತಾರೆ, ಅವರು ಬಂದು ಹತ್ತುವವರೆಗೂ ಆಫ್. ಕೀ ತಿರುಗಿಸುವುದು ನನ್ನ ಬಲಗೈಗೆ ಕೆಮ್ಮಿನಷ್ಟು ಸಹಜವಾಗಿತ್ತು. ಮಕ್ಕಳು ನನಗೆ ಆಫ್ ಅಂಕಲ್ ಅಂತಲೇ ಹೆಸರಿಟ್ಟಿದ್ದರು.

ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವುದು ನಮ್ಮ ಕ್ರಮ. ಸೋಮವಾರ ಟ್ಯಾಂಕಿನ ಬಾಯಿಮಟ್ಟ ತುಂಬಿಸುವುದು, ಶನಿವಾರ ಮತ್ತೆ ಬಾಯಿಮಟ್ಟ ತುಂಬಿಸುವುದು, ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಅಂತ. ಅದೇ ಬಂಕು, ಅದೇ ಪೈಪು, ಬಸ್ಸು ಅದೇ ಜಾಗದಲ್ಲಿ ನಿಲ್ಲಬೇಕು, ನೆಲ ಒಂದು ಕಡೆ ವಾಲಿದ್ದರೂ ಲೆಕ್ಕ ಕೆಡುತ್ತದೆ. ತುಂಬಿದ ಮೇಲೆ ಬಸ್ಸನ್ನು ಪಕ್ಕದಿಂದ ಹಿಡಿದು ಅಲ್ಲಾಡಿಸಬೇಕು. ಒಳಗಿನ ಗಾಳಿಗುಳ್ಳೆ ಬುಳಬುಳ ಎದ್ದು ಇನ್ನೊಂದಿಷ್ಟು ಹಿಡಿಯುತ್ತದೆ. ಮೇಡಂ ಕೂಡ ದುಪಟ್ಟಾ ಸೊಂಟಕ್ಕೆ ಕಟ್ಟಿ ಅಲ್ಲಾಡಿಸಿದರು. ಬಂಕಿನ ಹುಡುಗಿಯರು ನಕ್ಕಿದ್ದೇ ನಕ್ಕಿದ್ದು.

ಮೊದಲ ವಾರ ಹಳೆಯದು ಲೀಟರಿಗೆ ಐದು ಚಿಲ್ಲರೆ ಕೊಟ್ಟಿತು. ಸಾಯುವ ಮುಂಚೆಯೂ ಮಾನ ಉಳಿಸಿಕೊಂಡಿತು ಅಂತ ಅದರ ಬಾನೆಟ್ ತಟ್ಟಿದೆ. ಎರಡನೆಯದು ಅದಕ್ಕಿಂತ ಸ್ವಲ್ಪ ಕಮ್ಮಿ. ಆಮೇಲೆ ಹೊಸದರ ವಾರ. ನಾನು ಹಿಂದೆಂದೂ ಓಡಿಸದಷ್ಟು ಹುಷಾರಾಗಿ ಓಡಿಸಿದೆ. ಸಿಕ್ಕಸಿಕ್ಕಲ್ಲಿ ಆಫ್ ಮಾಡಿದೆ. ಶನಿವಾರ ಬಂಕಿನಲ್ಲಿ ಮೀಟರು ಓಡುತ್ತಲೇ ಇತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಲೀಟರಿಗೆ ನಾಲ್ಕೂ ಬಂದಿರಲಿಲ್ಲ.

ನನಗೆ ಅವಮಾನವಾಯಿತು. ಹೊಸ ಬಸ್ಸನ್ನು ಬಾಯಿಗೆ ಬಂದಂತೆ ಬೈದೆ. ಫಿಲ್ಟರಂತೆ, ಯೂರಿಯಾ ಅಂತೆ, ಹೊಲಕ್ಕೆ ಹಾಕುವುದನ್ನು ಬಸ್ಸಿಗೆ ಹಾಕಿದರೆ ಇನ್ನೇನಾಗುತ್ತೆ ಅಂದೆ. ಸಂಜೆ ಹೆಂಡತಿಯ ಹತ್ತಿರವೂ ಅದೇ ರಾಗ. ಅವಳು ಮಾತ್ರ ಅವತ್ತು ಬಹಳ ಲವಲವಿಕೆಯಿಂದ ಇದ್ದಳು. ಹೋಗಲಿ ಬಿಡಿ ಅಂದಳು. ಮಗು ಚಪಾತಿ ಹಿಟ್ಟನ್ನು ಟಿವಿಗೆ ಮೆತ್ತಿದ್ದನ್ನು ಹೇಳಿ ನಗಿಸಿದಳು. ವ್ಯಾನ್ ಕೆಲಸಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲವಂತೆ ಅಂತಲೂ ಹೇಳಿದಳು. ನನ್ನ ಬೇಜಾರು ಕಳೆಯಲು ಹೀಗೆಲ್ಲ ಮಾತಾಡುತ್ತಿದ್ದಾಳೆ ಅಂದುಕೊಂಡೆ.

ಮೇಡಂ ಆತುರದವರಲ್ಲ. ಬಸ್ಸಿನಲ್ಲೇ ಏನೋ ತೊಂದರೆ ಇರಬಹುದೆಂದು ಹೊಸಕೋಟೆಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ನನ್ನ ವಯಸ್ಸಿನವರೇ. ಡ್ಯಾಶ್‌ಬೋರ್ಡಿಗೆ ವೈರು ಚುಚ್ಚಿ ಕೈಯಲ್ಲಿದ್ದ ಪೆಟ್ಟಿಗೆಯ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಸ್ಸನ್ನು ಬಿಟ್ಟು ನನ್ನನ್ನು ನೋಡಿದರು. ಡ್ಯಾಶ್‌ಬೋರ್ಡಿನ ಒಂದು ದೀಪ ತೋರಿಸಿ, ಈ ಕಿತ್ತಳೆ ದೀಪ ಹತ್ತಿಕೊಂಡಾಗ ಏನು ಮಾಡುತ್ತೀರಿ ಅಂತ ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಏನೋ ತೊಂದರೆ ಅಂತ ತಕ್ಷಣ ಆಫ್ ಮಾಡುತ್ತೇನೆ, ಒಂದೆರಡು ನಿಮಿಷ ಬಿಟ್ಟು ಹೊರಡುತ್ತೇನೆ ಅಂತ.

"ಅದೇ ಅಣ್ಣ ಆಗಿರೋದು. ಫಿಲ್ಟರಲ್ಲಿ ಮಸಿ ತುಂಬಿದ್ರೆ ಬಸ್ಸು ತಾನೇ ಒಂದಿಷ್ಟು ಡೀಸೆಲ್ ಹಾಕ್ಕೊಂಡು ಅದನ್ನ ಸುಡುತ್ತೆ. ಮುದ್ದೆಗೆ ಎಸರಿಟ್ಟು, ಕುದಿ ಬರೋ ಟೈಮಿಗೆ ಒಲೆ ಆರಿಸ್ದಂಗೆ ನೀವು ಆಫ್ ಮಾಡ್ತೀರ. ಸೌದೆ ದಂಡ. ಮತ್ತೆ ಮೊದ್ಲಿಂದ ಸುಡ್ಬೇಕು."

ಇದು ನನ್ನಂಥವನೇ ಮಾಡಬಹುದಾದ ತಪ್ಪು. ಡೀಸೆಲ್ಲಿನ ಮೇಲೆ ಪ್ರೀತಿ ಇಲ್ಲದ ಡ್ರೈವರು ಎಂಜಿನ್ನನ್ನು ಹಾಗೇ ಬಿಟ್ಟು ಬೀಡಿ ಸೇದಲು ಹೋಗಿರುತ್ತಿದ್ದ, ಬಸ್ಸು ತನ್ನ ಪಾಡಿಗೆ ಸುಟ್ಟುಕೊಂಡಿರುತ್ತಿತ್ತು. ಉಳಿಸಲು ಹೋಗಿ ನಾನೇ ಸುರಿದಿದ್ದೆ. ದೀಪ ಹತ್ತಿದರೆ ಆರುವ ತನಕ ಬಸ್ಸು ನಿಲ್ಲಿಸಬೇಡಿ, ಒಳ್ಳೆ ರಸ್ತೆಯಲ್ಲಿ ಒಂದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಬಿಡಿ ಅಂದರು. ಇನ್ನೊಂದು ವಾರ ನೋಡೋಣ ಅಂತ ಮೇಡಂ ಒಪ್ಪಿದರು.

ಆ ವಾರ ನನ್ನ ಬಲಗೈಯನ್ನು ಹಿಡಿದಿಟ್ಟುಕೊಂಡ ಕಷ್ಟ ನನಗೇ ಗೊತ್ತು. ಗೇಟಿನ ಹತ್ತಿರ ಕೈ ತಾನಾಗಿ ಕೀ ಕಡೆಗೆ ಹೋಗುತ್ತಿತ್ತು. ಆಫ್ ಅಂಕಲ್ ಆಫ್ ಮಾಡ್ತಿಲ್ಲ ಅಂತ ಮಕ್ಕಳು ಕೂಗುತ್ತಿದ್ದರು. ಒಂದು ಸಂಜೆ ಕೊನೆಯ ಮಗುವೂ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಮ್ಮನೂ ಇಳಿದು ನಾನೊಬ್ಬನೇ ಉಳಿದಾಗ ದೀಪ ಹತ್ತಿತು. ಮನೆ ಕಾಣುತ್ತಿತ್ತು. ಮನೆ ದಾಟಿ ಸೂಲಿಬೆಲೆ ಕಡೆಯ ದೊಡ್ಡ ರಸ್ತೆಗೆ ಬಸ್ಸು ಹತ್ತಿಸಿದೆ. ಹಿಂದೆ ಅಷ್ಟೂ ಸೀಟು ಖಾಲಿ, ಯಾರೋ ಬಿಟ್ಟುಹೋದ ನೀರಿನ ಬಾಟಲಿ ಮಾತ್ರ ತಿರುವಿನಲ್ಲಿ ಅತ್ತಿಂದಿತ್ತ ಉರುಳುತ್ತಿತ್ತು. ಯಾರನ್ನೂ ಕರೆತರುವುದಿಲ್ಲ, ಯಾರನ್ನೂ ಬಿಡುವುದಿಲ್ಲ, ಮಸಿ ಸುಡಲೆಂದೇ ಹೋಗುವ ಪ್ರಯಾಣ. ಇಷ್ಟು ವರ್ಷ ಬಸ್ಸು ಓಡಿಸಿದ್ದೇನೆ, ಬಸ್ಸಿನೊಳಗೆ ಒಂಟಿ ಅನ್ನಿಸಿದ್ದು ಅವತ್ತೇ ಮೊದಲು. ಮೊದಲಾದರೆ ಇಷ್ಟು ಹೊತ್ತಿಗೆ ಇವಳು ಒಲೆ ಮೇಲೆ ಕಾಫಿ ಇಟ್ಟಿರುತ್ತಿದ್ದಳು.

ಶನಿವಾರ ಬಂಕಿನಲ್ಲಿ ಮೀಟರು ನಾನು ಬಯಸಿದ ಕಡೆಯೇ ನಿಂತಿತು. ಆ ಖಾಲಿ ಓಟವನ್ನೂ ಸೇರಿಸಿ ಹಳೆಯದಕ್ಕಿಂತ ಒಂದು ಕೂದಲು ಮೇಲೆ. ಹೊಗೆಯನ್ನು ಯೂರಿಯಾ ನೋಡಿಕೊಳ್ಳುವುದರಿಂದ ಎಂಜಿನ್ ನಿರಾಳವಾಗಿ ದುಡಿಯುತ್ತದೆ ಅಂತ ಮೆಕ್ಯಾನಿಕ್ ಹೇಳಿದ್ದು ನಿಜವಾಗಿತ್ತು. ಮೇಡಂ ಕೈಕುಲುಕಿದರು. ಬಸ್ಸು ನಿಮ್ಮದೇ ಅಣ್ಣ, ಹಾಲ್ಟು ಹಾಗೇ ಇರಲಿ ಅಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ದಾರಿಯಲ್ಲಿ ಮಕ್ಕಳಿಗೆಲ್ಲ ಕಡ್ಲೆಮಿಠಾಯಿ ಕೊಡಿಸಿದೆ.

ಕೊನೆಯ ಮಗು ಇಳಿದ ಮೇಲೆ, ಮನೆಗೆ ಹೋಗುವ ತನಕ ತಡೆಯಲಾರದೆ, ರಸ್ತೆ ಪಕ್ಕ ಬಸ್ಸು ನಿಲ್ಲಿಸಿ ಫೋನು ಹಚ್ಚಿದೆ. ಆಫ್ ಮಾಡುವುದಕ್ಕೆ ಕೈ ಹೋಯಿತು, ಕಿತ್ತಳೆ ದೀಪ ಆಗತಾನೇ ಹತ್ತಿತ್ತು, ಬಿಟ್ಟೆ.

"ಬಸ್ಸು ಇನ್ಮೇಲೂ ನಮ್ಮನೆ ಮುಂದೇನೇ ಕಣೆ," ಅಂದೆ.

ಆ ಕಡೆ ಮಗು ತಟ್ಟೆ ಬಡಿಯುತ್ತಿತ್ತು. ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ.

"ಕೇಳುಸ್ತು. ಒಳ್ಳೇದಾಯ್ತು ಬಿಡಿ," ಅಂದಳು. ಆಮೇಲೆ ಹೇಳಿದಳು, "ನಿಮ್ ಬಟ್ಟೆಗೆ ಅಂತ ಬೀರುನಲ್ಲಿ ಒಂದ್ ಕಡೆ ಖಾಲಿ ಮಾಡಿಟ್ಟಿದ್ದೆ. ಈಗ ಮಗೂದೇ ಇಡ್ತೀನಿ."

ದಿನಾ ಸಂಜೆ ಬಸ್ಸಿನದು ಏನಾಯ್ತು, ಏನಾಯ್ತು ಅಂತ ಅವಳು ಕೇಳುತ್ತಿದ್ದುದು ನೆನಪಾಯಿತು. ನಾವಿಬ್ಬರೂ ಒಂದೇ ಫಲಿತಾಂಶಕ್ಕೆ ಕಾಯುತ್ತಿದ್ದೇವೆ ಅಂತ ನಾನು ನಂಬಿದ್ದೆ. ಏನಾದರೂ ಹೇಳಬೇಕು ಅನ್ನಿಸಿತು. ಮುಂದಿನ ವಾರ ಭಾನುವಾರ ಬರ್ತೀನಿ ಅಂದೆ. ಬನ್ನಿ ಅಂದಳು. ನೆಂಟರಿಗೆ ಹೇಳುವ ಹಾಗಿತ್ತು. ಮಗು ಅಳುತ್ತಿದೆ ಅಂತ ಫೋನು ಇಟ್ಟಳು.

ದೀಪ ಇನ್ನೂ ಉರಿಯುತ್ತಿತ್ತು. ಮನೆ ದಾಟಿಕೊಂಡು ದೊಡ್ಡ ರಸ್ತೆಗೆ ಹೋದೆ. ಇನ್ನೂ ಬೆಳಕಿತ್ತು, ಎರಡೂ ಕಡೆ ರಾಗಿ ಹೊಲ, ಹೊಸ ಲೇಔಟಿನ ಕಲ್ಲುಗಳು. ಬಸ್ಸು ಸದ್ದಿಲ್ಲದೆ, ಹೊಗೆಯಿಲ್ಲದೆ ಓಡುತ್ತಿತ್ತು. ದೀಪ ಆರುವ ಹೊತ್ತಿಗೆ ಸೂಲಿಬೆಲೆ ದಾಟಿದ್ದೆ. ಅಲ್ಲೊಂದು ಹಸಿರು ಬೋರ್ಡು, ಹೊಸಕೋಟೆಯ ಕೆಳಗೆ ಹೊಸೂರು ಅಂತ ಬರೆದಿತ್ತು, ನೇರಕ್ಕೆ ಬಾಣ. ಟ್ಯಾಂಕು ಅವತ್ತಷ್ಟೇ ಬಾಯಿಮಟ್ಟ ತುಂಬಿಸಿದ್ದು. ಅಲ್ಲಿಗೆ ಹೋಗಿ ಬರುವಷ್ಟು ಡೀಸೆಲ್ ಇದೆ ಅಂತ ನನ್ನ ತಲೆ ತಾನಾಗಿಯೇ ಲೆಕ್ಕ ಹಾಕಿತು. ಬೋರ್ಡಿನ ಕೆಳಗೆ ಬಸ್ಸು ನಿಲ್ಲಿಸಿ ಒಂದಷ್ಟು ಹೊತ್ತು ಕೂತಿದ್ದೆ, ಎಂಜಿನ್ ಆಫ್ ಮಾಡಲಿಲ್ಲ. ಆಮೇಲೆ ಬಸ್ಸು ತಿರುಗಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದೆ.