ಡಬ್ಬಿಯ ಮೇಲಿನ ಅಜ್ಜ

ಕಾರ್ಖಾನೆಯವರೆಲ್ಲ ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಪೈಪಿಗೆ ತುಂಬುವ ತಂಬಾಕಿನ ಎಲೆಯಿಂದ ನಡುದಂಟು ಕಿತ್ತು, ಸಿಹಿ ಪಾಕ ಚಿಮುಕಿಸಿ, ಹಲಗೆಗಳ ನಡುವೆ ವಾರಗಟ್ಟಲೆ ಒತ್ತಿಟ್ಟು, ಗಟ್ಟಿಯಾದದ್ದನ್ನು ತೆಳ್ಳಗೆ ಹೆಚ್ಚುವುದರಲ್ಲೇ ಆಕೆಯ ಆಯಸ್ಸು ಸವೆದಿತ್ತು. ಎಷ್ಟು ತಿಕ್ಕಿದರೂ ಬೆರಳಿನ ಕಂದು ಬಣ್ಣ ಹೋಗುತ್ತಿರಲಿಲ್ಲ.

ಆವತ್ತು ತಂಬಾಕು ತುಂಬುವ ಹೊಸ ಡಬ್ಬಿಗಳು ಬಂದವು. ಮೇಲೆ ಪೈಪ್ ಕಚ್ಚಿಕೊಂಡ ಬಿಳಿಮೀಸೆಯ ಮುದುಕನ ಚಿತ್ರ; ಕೆಳಗೆ ‘ಅಜ್ಜನ ಕೈಗುಣ’ ಎಂಬ ದಪ್ಪಕ್ಷರ. ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಒಂದು ಡಬ್ಬಿ ತಂದು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದಳು.

“ಯಾರು ಸ್ವಾಮಿ ಇವರು?”

“ಯಾರೂ ಅಲ್ಲಮ್ಮ, ಸುಮ್ನೆ ಒಂದು ಚಿತ್ರ. ಅಜ್ಜ ಮಾಡಿದ್ದು ಅಂದ್ರೆ ಜನ ನಂಬ್ತಾರೆ.”

“ಮೂವತ್ತು ವರ್ಷದಿಂದ ಇಲ್ಲೇ ಕೂತಿದೀನಿ ಸ್ವಾಮಿ,” ಎಂದಳು ದೊಡ್ಡಮ್ಮ. “ಈ ಅಜ್ಜ ಒಂದು ದಿನಾನೂ ಕೆಲಸಕ್ಕೆ ಬಂದಿದ್ದು ನಾನು ಕಂಡಿಲ್ಲ.”