ನಂದಿಯ ಮೈಮೇಲಿನ ಖಾಲಿ ಜಾಗ

ನಮ್ಮಣ್ಣನಿಗೆ ನಾನಿಟ್ಟ ಹೆಸರು ನಿಧಾನಪ್ಪ. ಉಳಿದವರು ಉಂಡು ಕೈ ತೊಳೆಯುವ ಹೊತ್ತಿಗೆ ಅವನು ಎರಡನೇ ತುತ್ತು ಅಗಿಯುತ್ತಿರುತ್ತಾನೆ. ಭಾರ ಎತ್ತುವುದು ನಮ್ಮ ಕಸುಬು. ಕಾರ್ಖಾನೆಯ ಯಂತ್ರ, ಕಬ್ಬಿಣದ ತಿಜೋರಿ, ಬಾಗಿಲಲ್ಲಿ ಹಿಡಿಸದ ಏನೇ ಇರಲಿ, ಎತ್ತಿ ಇನ್ನೊಂದು ಕಡೆ ಕೂರಿಸುತ್ತೇವೆ. ಈ ಕಸುಬಿಗೆ ನಿಧಾನವೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ; ಇವನ ಜೊತೆ ಇಪ್ಪತ್ತೆರಡು ವರ್ಷ ಹೇಗೆ ಏಗಿದೆನೋ ನನಗೇ ಗೊತ್ತಿಲ್ಲ.

ಎರಡು ವರ್ಷದ ಹಿಂದೆ ಒಂದು ಅಚ್ಚಿನ ಯಂತ್ರ ಅವನು ಎತ್ತುವಾಗ ಜಾರಿ ಬಿತ್ತು. ಯಾರಿಗೂ ಏಟಾಗಲಿಲ್ಲ, ಯಂತ್ರ ಮಾತ್ರ ಎರಡು ಹೋಳಾಯಿತು. ಕೊಂಡಿ ಒಳಗೊಳಗೇ ಸವೆದಿತ್ತು, ತಪ್ಪು ಅವನದಲ್ಲ. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಕೆಲಸಕ್ಕೆ ಬರುತ್ತಾನೆ, ಹಲಗೆ ಹಾಸುತ್ತಾನೆ, ಹಗ್ಗ ಸುತ್ತಿಡುತ್ತಾನೆ, ರಾಟೆಯ ಸರಪಳಿಯನ್ನು ಮಾತ್ರ ಮುಟ್ಟುವುದಿಲ್ಲ. ಮುಟ್ಟಿದರೆ ಕೈ ನಡುಗುತ್ತದೆ. "ನಿಮ್ಮಣ್ಣ ಈಗ ನೀರಿನ ಕೊಡ ಎತ್ತೋಕೂ ಎರಡು ಸಲ ಯೋಚನೆ ಮಾಡ್ತಾರೆ ಕಣಪ್ಪ" ಎಂದು ಅತ್ತಿಗೆ ಒಮ್ಮೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಹೀಗಿರುವಾಗ ಮ್ಯೂಸಿಯಂನಿಂದ ಕರೆ ಬಂತು. ಎಂಟುನೂರು ವರ್ಷದ ಕಲ್ಲಿನ ನಂದಿ, ಎರಡು ಟನ್ ಭಾರ. ಕೋಣೆಯ ನೆಲ ಕುಸಿಯುತ್ತಿದೆ, ಪಕ್ಕದ ಕೋಣೆಗೆ ಸಾಗಿಸಬೇಕು. ನನಗೆ ಯಾವುದನ್ನು ನೋಡಿದರೂ ಮೊದಲು ತೂಕ ಕಾಣುತ್ತದೆ, ಆಮೇಲೆ ವಸ್ತು. ಅವತ್ತು ತೂಕ ಮರೆತೇಹೋಯಿತು. ಕಾಲು ಮಡಚಿ ಕೂತಿತ್ತು. ಕೊರಳ ಕೆಳಗಿನ ಗಂಗೆದೊಗಲು ಮಡಿಕೆ ಮಡಿಕೆಯಾಗಿ ಇಳಿಬಿದ್ದಿತ್ತು. ನಾಲಿಗೆಯ ತುದಿ ಮೂಗಿನ ಹೊಳ್ಳೆಯನ್ನು ನೆಕ್ಕುತ್ತಿತ್ತು. ಕಿವಿಯೊಳಗಿನ ಕೂದಲನ್ನೂ ಆ ಪುಣ್ಯಾತ್ಮ ಎಳೆ ಎಳೆಯಾಗಿ ಕೆತ್ತಿದ್ದ. ನಾನು ಚಪ್ಪಲಿ ಬಿಟ್ಟು ಬಂದಿದ್ದೇನೋ ಇಲ್ಲವೋ ಎಂದು ಕಾಲು ನೋಡಿಕೊಂಡೆ.

ಅದನ್ನು ನೋಡಿಕೊಳ್ಳುವ ಮೇಡಂ ಕೊರಳ ಬಳಿ ಟಾರ್ಚು ಬಿಟ್ಟರು. ಕೂದಲೆಳೆಯಂಥ ಬಿರುಕೊಂದು ಭುಜದವರೆಗೂ ಹೋಗಿತ್ತು.

"ಹಿಂದೆ ಯಾರೋ ಕೊರಳಿಗೆ ಹಗ್ಗ ಹಾಕಿ ಎಳೆದಿದ್ರಂತೆ. ಇನ್ನೊಂದು ಸಲ ಹಾಗಾದ್ರೆ ತಲೆ ಕೈಗೆ ಬರುತ್ತೆ" ಎಂದರು.

ಈ ಸಹವಾಸವೇ ಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಣ್ಣ, "ನಾನು ಎತ್ತುತ್ತೀನಿ" ಅಂದ.

ಮನೆಗೆ ಹೋಗುವ ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ. "ಇದು ಮುರೀತು ಅಂದ್ರೆ ನಾನು ಕೆಲಸ ಬಿಡ್ತೀನಿ. ಮನೇಲಿ ಕೂತ್ಕೊತೀನಿ, ನೀನೂ ಕರೀಬೇಡ." ಮನೆಯಲ್ಲಿ ಕೂತರೆ ಅವನು ಉಳಿಯುವುದಿಲ್ಲ. ಅದು ಅತ್ತಿಗೆಗೂ ಗೊತ್ತು, ನನಗೂ ಗೊತ್ತು.

ಆಮೇಲೆ ಮೂರು ದಿನ ಏನು ಮಾಡಿದ ಅಂತೀರಿ? ಸ್ಟೂಲು ಹಾಕಿಕೊಂಡು ನಂದಿಯ ಮುಂದೆ ಕೂತ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಹೆಣ್ಣು ನೋಡೋಕೆ ಹೋದಾಗಲೂ ಇಷ್ಟು ಹೊತ್ತು ನೋಡಿರಲಿಲ್ಲ ನೀನು" ಎಂದೆ. ಅವನು ಸ್ಟೂಲನ್ನು ಇನ್ನೊಂದು ಬದಿಗೆ ಎಳೆದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಬಾಯಿ ಬಿಟ್ಟ. "ಮೇಡಂ, ಇಲ್ಲಿ ಯಾಕೆ ಏನೂ ಕೆತ್ತಿಲ್ಲ?"

ನಂದಿಯ ಮೈತುಂಬ ಗಂಟೆಸರ, ಗೆಜ್ಜೆಸರ. ಆದರೆ ಎರಡೂ ಮಗ್ಗುಲಲ್ಲಿ ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು, ನಾಲ್ಕು ಬೆರಳಗಲದ ಪಟ್ಟಿ ಬೋಳಾಗಿ ಕೆಳಗಿಳಿದಿತ್ತು.

"ಅದು ಅಪೂರ್ಣ. ಫಲಕದಲ್ಲೂ ಬರೆದಿದೆ ನೋಡಿ. ಅಲಂಕಾರ ಅರ್ಧಕ್ಕೆ ನಿಂತಿದೆ."

"ಕಿವಿ ಕೂದಲು ಬಿಡದೆ ಕೆತ್ತಿದೋನು ಇಷ್ಟಗಲ ಜಾಗ ಮರೀತಾನಾ?"

ಮೇಡಂ ಟಾರ್ಚನ್ನು ಆ ಪಟ್ಟಿಯತ್ತ ತಿರುಗಿಸಿದರು. ಅಣ್ಣ ನೆಲದ ಮೇಲೆ ಬೋರಲು ಮಲಗಿದ. ಬೋಳು ಪಟ್ಟಿ ನೆಲ ಮುಟ್ಟುವಲ್ಲಿ, ಅದೇ ಕಲ್ಲಿನಲ್ಲಿ ಕಡೆದ ಪೀಠದ ಅಂಚಿನಲ್ಲಿ, ಯಾರೋ ಸಿಮೆಂಟು ಮೆತ್ತಿದ್ದರು. ಮೇಡಂ ಅವರ ಒಪ್ಪಿಗೆ ಪಡೆದು ಚೂರು ಚೂರೇ ಕೆರೆದ. ಸಿಮೆಂಟು ಉದುರಿದಂತೆ ಒಳಗೊಂದು ಕಾಲುವೆ ತೆರೆದುಕೊಂಡಿತು, ನಯವಾಗಿ, ಉಳಿಯಿಂದ ಕೊರೆದದ್ದು. ಬೇಕೆಂದೇ ಕೊರೆದದ್ದು. ಸಂಜೆಯ ಹೊತ್ತಿಗೆ ಇನ್ನೊಂದು ಪಟ್ಟಿಯ ಬುಡದ, ಆಚೆ ಬದಿಯ ಸಿಮೆಂಟೂ ಬಿತ್ತು. ನಂದಿಯ ಹೊಟ್ಟೆಯಡಿಯಿಂದ ಇತ್ತಲಿನವರೆಗೆ ಬೆಳಕು ಬಂತು.

ಅಣ್ಣ ಎದ್ದು ಕೂತ. ಮುಖದ ತುಂಬ ದೂಳು. "ಇದು ಹಗ್ಗದ ದಾರಿ ಮೇಡಂ. ಕೆಳಗಿಂದ ತೂರಿಸಿ ಮೇಲೆ ತಂದ್ರೆ ಒಂದು ಗೆಜ್ಜೆಗೂ ತಾಗಲ್ಲ. ಕೆತ್ತೋವಾಗಲೇ ಎತ್ತೋನನ್ನ ನೆನೆಸಿಕೊಂಡಿದ್ದಾನೆ."

"ಆ ಫಲಕ ಬರೆದಿದ್ದು ನಾನೇ" ಎಂದ ಮೇಡಂ ನೆಲದ ಮೇಲೆಯೇ ಕೂತುಬಿಟ್ಟರು. ನಾನು ಟೇಪು ಹಿಡಿದು ಅಳೆದೆ. ಎರಡು ಪಟ್ಟಿಗಳ ನಟ್ಟನಡು, ನಂದಿಯ ನಟ್ಟನಡುವಿಗಿಂತ ಒಂದು ಗೇಣು ತಲೆಯ ಕಡೆಗಿತ್ತು. ತಲೆಯ ಭಾರವನ್ನೂ ಕೆತ್ತಿದವನು ಲೆಕ್ಕಕ್ಕೆ ಹಿಡಿದಿದ್ದ. ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು. ಎಂಟುನೂರು ವರ್ಷದ ಹಿಂದಿನ ಒಬ್ಬ ನಮ್ಮ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಮಾರನೆಯ ದಿನ ಬೆಳಗ್ಗೆ ಭಾರ ಎತ್ತುವ ದಪ್ಪ ಬೆಲ್ಟುಗಳನ್ನು ಆ ಎರಡು ದಾರಿಯಲ್ಲಿ ತೂರಿಸಿದೆವು. ಅಳತೆಗೆ ಹೊಲಿಸಿದ ಅಂಗಿಯಂತೆ ಕೂತವು. ಅಣ್ಣ ಸರಪಳಿ ಹಿಡಿದ. ಕೈ ನಡುಗಲಿಲ್ಲ ಎಂದು ಸುಳ್ಳು ಹೇಳಲಾರೆ. ನಡುಗಿತು. ಅವನು ಒಂದು ಕೈಯನ್ನು ಆ ಬೋಳು ಪಟ್ಟಿಯ ಮೇಲಿಟ್ಟ. ಆಮೇಲೆ ಎಳೆದ.

ನಂದಿ ನೆಲ ಬಿಟ್ಟಿತು. ಮೊದಲ ಸಲ ಎತ್ತಿದಾಗ ಯಾವ ಭಾರವೂ ಒಂದು ಕಡೆ ವಾಲುತ್ತದೆ. ಇಳಿಸಿ, ಸರಿಪಡಿಸಿ, ಮತ್ತೆ ಎತ್ತಬೇಕು. ಇದು ವಾಲಲಿಲ್ಲ. ವಾಲುವಿಕೆ ನೋಡಲು ಪೀಠದ ಮೇಲಿಟ್ಟ ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತುಬಿಟ್ಟಿತು. ಎರಡು ಟನ್ ಕಲ್ಲು ನೆಲದಿಂದ ಅರ್ಧ ಗೇಣು ಮೇಲೆ, ನಾಲಿಗೆ ಚಾಚಿಕೊಂಡು, ಯಾವ ಗಡಿಬಿಡಿಯೂ ಇಲ್ಲದೆ ಗಾಳಿಯಲ್ಲಿ ಕೂತಿತ್ತು. ಬಿರುಕು ಇದ್ದಷ್ಟೇ ಇತ್ತು. ನಾನು ಅಳುವವನಲ್ಲ, ಆದರೂ ಕಣ್ಣು ತುಂಬಿಬಂತು.

ಪಕ್ಕದ ಕೋಣೆಯಲ್ಲಿ ಹೊಸ ಕಟ್ಟೆಯ ಮೇಲೆ ಇಳಿಸಿ, ಬೆಲ್ಟುಗಳನ್ನು ಹೊರಗೆಳೆದೆವು. ಗಾರೆಯವನು ಸಿಮೆಂಟು ಕಲಸಿಕೊಂಡು ಸಂದು ಮುಚ್ಚಲು ಬಂದ. ಅಣ್ಣ ಅವನ ಕರಣೆಗೆ ಕೈ ಅಡ್ಡ ಹಿಡಿದ. "ಇದನ್ನ ಮುಚ್ಚಬೇಡ. ನಾಲ್ಕು ಬಾಯಿನೂ ಹಾಗೇ ಬಿಡು."

"ಇನ್ನು ಇದನ್ನ ಯಾರೂ ಎತ್ತಲ್ಲ" ಎಂದರು ಮೇಡಂ. "ಇದೇ ಕೊನೇ ಜಾಗ."

"ಹಿಂದೆ ಮುಚ್ಚಿದೋರೂ ಹಾಗೇ ಅಂದ್ಕೊಂಡಿರ್ತಾರೆ. ಮುಂದೆ ಯಾವತ್ತೋ ಒಬ್ಬ ಬರ್ತಾನೆ." ಅಣ್ಣ ಅಂಗೈಯ ದೂಳು ಒರೆಸಿಕೊಂಡ. "ಅವನ ಕೈನೂ ನಡುಗಬಹುದಲ್ಲ ಮೇಡಂ."