ಮೈದಾನದಲ್ಲಿ ಕುಂಗ್ ಫು

ಕೆಂಗೇರಿ ಬಸ್ಸಿಗಾಗಿ ವಿಜಯನಗರದ ಮೈದಾನದ ಬಳಿ ಕಾಯುತ್ತಿದ್ದೆ. ಒಂದು ಕಡೆ ಬಾಕ್ಸಿಂಗ್ ಕಲಿಯುವವರು ಮರಳಿನ ಮೂಟೆಗೆ ಗುದ್ದುತ್ತಿದ್ದರು. ಇನ್ನೊಂದು ಕಡೆ ಕುಂಗ್ ಫು ಕಲಿಯುವವರು ಕುದುರೆಯ ಮೇಲೆ ಕೂತವರಂತೆ ಮಂಡಿ ಬಗ್ಗಿಸಿ, ಅಲುಗಾಡದೆ ನಿಂತಿದ್ದರು.

"ಆ ತುದೀಲಿರೋನು ನನ್ ಮಗ. ಸುಮ್ನೆ ನಿಲ್ಲೋದನ್ನೂ ಕಲೀಬೇಕೇನಮ್ಮಾ? ಅವರಮ್ಮನೂ ಬಿಡಿಸಿ ಅಂತಿದಾಳೆ, ಇವತ್ತೇ ಬಿಡಿಸ್ಬಿಡ್ತೀನಿ," ಎಂದರು ಪಕ್ಕದಲ್ಲಿದ್ದ ಹಿರಿಯರು.

ಅಷ್ಟರಲ್ಲಿ ಬಾಕ್ಸರ್ ಒಬ್ಬ ಅವರ ಮಗನನ್ನು, "ಏನ್ ಗುರು, ನೀನೂ ಬಸ್ಸಿಗೆ ಕಾಯ್ತಾ ಇದೀಯಾ?" ಎಂದು ಛೇಡಿಸಿ, ತಾನೂ ಹಾಗೆಯೇ ನಿಂತ. ಸ್ವಲ್ಪ ಹೊತ್ತಿಗೇ ತೊಡೆ ನಡುಗಿ ಕುಸಿದು ಕೂತ. "ಮಚ್ಚಾ, ಇದಕ್ಕಿಂತ ಏಟು ತಿನ್ನೋದೇ ವಾಸಿ ಕಣೋ!"

ಮಗ ನಗಲಿಲ್ಲ. ಗಲ್ಲದಿಂದ ತೊಟ್ಟಿಕ್ಕಿದ ಬೆವರಿಗೆ ಅವನ ಪಾದಗಳ ನಡುವಿನ ಮಣ್ಣು ಒದ್ದೆಯಾಗಿತ್ತು. ಅಪ್ಪ ಅದನ್ನೇ ನೋಡುತ್ತಾ ಹತ್ತಿರ ಹೋದರು.

"ಮುಗಿಸ್ಕೊಂಡೇ ಬಾರೋ. ನಿಮ್ಮಮ್ಮನಿಗೆ ನಾನು ಹೇಳ್ತೀನಿ."